ಟಿವಿಗೆ ಲಾಡಿ ಪೋಣಿಸಿದ ದರ್ಜಿ

ಇಪ್ಪತ್ತೆಂಟು ವರ್ಷ ಸೂಜಿಯ ಕಣ್ಣಿಗೆ ದಾರ ಪೋಣಿಸಿದವನು ನಾನು. ಕನ್ನಡಕವಿಲ್ಲದೆ, ಎಂಜಲು ಹಚ್ಚದೆ, ಒಂದೇ ಏಟಿಗೆ! ಅಂಥವನಿಗೆ ಕಂಪ್ಯೂಟರನ್ನು ಟಿವಿಗೆ ಪೋಣಿಸುವುದು ಯಾವ ಮಹಾ ವಿದ್ಯೆ? ಒಂದು ತಂತಿ, ಎರಡು ತೂತು. ಸೂಜಿಯ ತೂತು ಇರುವೆಯ ಕಾಲಷ್ಟು; ಇಲ್ಲಿ ಒಂದೊಂದು ತೂತೂ ಬೆರಳಗಲ. ಆದ್ದರಿಂದ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಹೆಂಡತಿ ಮತ್ತು ಅತ್ತೆಯ ಸಮಕ್ಷಮದಲ್ಲಿ, ನೀರಿನ ಲೋಟವನ್ನು ಮೇಲೆತ್ತಿ ಪ್ರತಿಜ್ಞೆ ಮಾಡಿಯೇಬಿಟ್ಟೆ.

"ಭಾನುವಾರ ನಾಲ್ಕು ಗಂಟೆಗೆ ಚಿಕ್ಕತ್ತೆ ನಮ್ಮ ಟಿವಿಯಲ್ಲಿ ಬರ್ತಾರೆ. ಬಾಗಿಲಷ್ಟು ದೊಡ್ಡದಾಗಿ ಬರ್ತಾರೆ. ಇದು ನನ್ನ ಮಾತು."

ಹೆಂಡತಿ ತಲೆಯೆತ್ತದೆ ಹೇಳಿದಳು, "ನನ್ನ ತಮ್ಮನಿಗೆ ಒಂದು ಫೋನ್ ಮಾಡಿಬಿಡಿ."

ಅವಳ ತಮ್ಮ ಬೇರೆ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ನಾನು ನಕ್ಕೆ. ಆ ನಗು ಭಾನುವಾರ ಹತ್ತು ಗಂಟೆಯವರೆಗೆ ನನ್ನ ಹತ್ತಿರ ಇತ್ತು. ಆಮೇಲೆ ಮನೆಯಲ್ಲಿ ಎಲ್ಲರ ಹತ್ತಿರವೂ ಇತ್ತು, ನನ್ನ ಹತ್ತಿರ ಮಾತ್ರ ಇರಲಿಲ್ಲ.

ಮೊದಲು ಅತ್ತೆಯ ವಿಷಯ ಹೇಳಬೇಕು. ಅವರು ನಮ್ಮ ಜೊತೆಗೇ ಇರುವವರು. ಅವರಿಗೆ ಒಬ್ಬಳೇ ತಂಗಿ, ನನಗೆ ಚಿಕ್ಕತ್ತೆ. ಅರವತ್ತೆಂಟು ತುಂಬಿದರೂ ಅತ್ತೆಯ ಬಾಯಲ್ಲಿ ಅವರು ಇವತ್ತಿಗೂ 'ಪುಟ್ಟಿ'. ತಾಯಿ ಬೇಗ ತೀರಿಕೊಂಡದ್ದರಿಂದ ಪುಟ್ಟಿಗೆ ಜಡೆ ಹಾಕಿ, ಗದರಿ, ಬೆಳೆಸಿದವರು ನಮ್ಮ ಅತ್ತೆಯೇ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಾರೆ, ವಾರಕ್ಕೊಮ್ಮೆ ಜಗಳವನ್ನೂ ಆಡುತ್ತಾರೆ. ಆದರೆ ಮುಖ ನೋಡಿ ಹನ್ನೊಂದು ವರ್ಷ. ಇಬ್ಬರ ಊರಿನ ನಡುವೆ ಎರಡು ದಿನದ ದಾರಿ. ಒಬ್ಬರಿಗೆ ಮಂಡಿ ಇಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ.

ಪೂರ್ತಿ ಇಲ್ಲ ಅಂತಲ್ಲ. ಅತ್ತೆಗೆ ದೊಡ್ಡದು ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ, "ಅಂಗಿ ಗುಂಡಿಯಷ್ಟು ಕಾಣ್ತಾಳೆ, ಎರಡು ತೂತಿನ ಗುಂಡಿಯೋ ನಾಲ್ಕು ತೂತಿನದೋ ಗೊತ್ತಾಗಲ್ಲ" ಅನ್ನುತ್ತಾರೆ. ಟಿವಿಯ ಮುಂದೆ ಹತ್ತಿರ ಕೂರಿಸಿದರೆ ವಾರ್ತೆ ಓದುವವಳ ಹುಬ್ಬು ಏರಿದ್ದನ್ನೂ ಹೇಳಬಲ್ಲರು. ಕಣ್ಣಿನ ಡಾಕ್ಟರು ಹೋದ ಸಲ ನನ್ನನ್ನು ಪಕ್ಕಕ್ಕೆ ಕರೆದು, ಈಗಿರುವ ದೃಷ್ಟಿ ಇನ್ನೆಷ್ಟು ದಿನವೋ ಹೇಳಲಾರೆ, ನೋಡಬೇಕು ಅನ್ನಿಸಿದ್ದನ್ನು ಬೇಗ ತೋರಿಸಿಬಿಡಿ ಎಂದಿದ್ದರು. ಅತ್ತೆಗೆ ನೋಡಬೇಕು ಅನ್ನಿಸಿದ್ದು ಒಂದೇ, ಪುಟ್ಟಿಯ ಮುಖ. ಚಿಕ್ಕತ್ತೆಯ ಮೊಮ್ಮಗಳು ರಜೆಗೆ ಬಂದಿದ್ದಳು, ತನ್ನ ಕಂಪ್ಯೂಟರಿನ ಮುಂದೆ ಅಜ್ಜಿಯನ್ನು ಕೂರಿಸುತ್ತೇನೆಂದು ಒಪ್ಪಿದ್ದಳು. ಭಾನುವಾರ ನಾಲ್ಕರಿಂದ ಐದು. ಐದೂವರೆಯ ಬಸ್ಸಿಗೆ ಹುಡುಗಿಯೂ ಹೋಗುತ್ತಾಳೆ, ಕಂಪ್ಯೂಟರೂ ಹೋಗುತ್ತದೆ. ಮತ್ತೆ ಬರುವುದು ಆರು ತಿಂಗಳಿಗೆ.

ನಮ್ಮ ಮನೆಯ ಮುಂದಿನ ಕೋಣೆ ನನ್ನ ಅಂಗಡಿ. ಹಿಂದೆ ಹಾಲು. ಹಾಲಿನ ಒಂದು ಗೋಡೆಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಕುತ್ತಿಗೆ, ತೋಳುಗಳ ಹೊಸ ನಮೂನೆ ನೋಡಲು ಕೊಂಡದ್ದು. ಎದುರು ಗೋಡೆಗೆ ಟಿವಿ. ದೊಡ್ಡದು, ಆದರೆ ಹಳೆಯದು. ಈಗಿನ ಟಿವಿಗಳಂತೆ ಗಾಳಿಯಲ್ಲಿ ಬಂದ ಮಾತು ಅದಕ್ಕೆ ಕೇಳಿಸುವುದಿಲ್ಲ, ತಂತಿ ಎಳೆದು ಕಿವಿಗೇ ಹಾಕಬೇಕು.

ತಂತಿಯ ಉದ್ದಕ್ಕಾಗಿ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಗೋಡೆಯ ಅಳತೆ ತೆಗೆದುಕೊಂಡೆ. ಎಂಟು ಮೀಟರ್ ಬಂತು. ಅಳತೆಗೆ ಸರಿಯಾಗಿ ಕತ್ತರಿಸುವ ದರ್ಜಿ ಉದ್ಧಾರವಾದದ್ದುಂಟೇ? ಹೊಲಿಗೆಗೆ ಒಂದಿಷ್ಟು ಸೇರಿಸಿದೆ. ಮಡಿಕೆಗೆ ಒಂದಿಷ್ಟು. ಮುಂದೆ ದಪ್ಪವಾದರೆ ಬಿಡಿಸಿಕೊಳ್ಳಲು ಒಂದಿಷ್ಟು. ಹದಿನೈದು ಮೀಟರ್ ಆಯಿತು. ಅಂಗಡಿಯವನು ಇಷ್ಟುದ್ದ ಯಾಕೆ ಎಂದು ಕೇಳಿದ. ಒಗೆದ ಮೇಲೆ ಕುಗ್ಗಿದರೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮನೆಗೆ ತಂದು ನೋಡಿದರೆ, ಆ ಕಪ್ಪು ತಂತಿ ಬೋಳು ಗೋಡೆಯ ಮೇಲೆ ಹಾವಿನ ಹಾಗೆ! ದರ್ಜಿಯ ಮನೆಯಲ್ಲಿ ತಂತಿಯೊಂದು ಬತ್ತಲೆ ಓಡಾಡುವುದೇ? ಪರದೆ ಹೊಲಿದು ಉಳಿದ ಹಸಿರು ಬಟ್ಟೆ ಇತ್ತು. ಶನಿವಾರ ಮಧ್ಯಾಹ್ನವೆಲ್ಲ ಕೂತು ಉದ್ದಕ್ಕೆ ಒಂದು ಕೊಳವೆ ಹೊಲಿದೆ, ಪೈಜಾಮದ ಸೊಂಟದಲ್ಲಿ ಲಾಡಿಗೆ ಹೊಲಿಯುತ್ತೇವಲ್ಲ, ಅದೇ ರೀತಿ. ಮೇಜಿನ ಎತ್ತರಕ್ಕೆ ಗೋಡೆಯುದ್ದಕ್ಕೂ ಮೊಳೆ ಹೊಡೆದು ಅದನ್ನು ಕೂರಿಸಿದೆ. ತಂತಿಯ ತುದಿಗೆ ಸೇಫ್ಟಿ ಪಿನ್ನು ಸಿಕ್ಕಿಸಿ, ಲಾಡಿ ತೂರಿಸುವಂತೆಯೇ ಬಟ್ಟೆಯನ್ನು ನೆರಿಗೆ ಮಾಡುತ್ತ, ಎಳೆಯುತ್ತ, ಈ ಕಡೆಯಿಂದ ಆ ಕಡೆಗೆ ಸಾಗಿಸಿದೆ.

ಟಿವಿಯ ಕೆಳಗೆ ಹಳೆಯ ಡಿವಿಡಿ ಪ್ಲೇಯರ್ ಒಂದಿತ್ತು. ಸತ್ತು ಐದು ವರ್ಷ. ಅದರ ತಂತಿಯೂ ಕಪ್ಪೇ, ಅದರ ಬಾಯೂ ಹೀಗೇ ಚಪ್ಪಟೆ. ಅದನ್ನು ಟಿವಿಯಿಂದ ಕಿತ್ತೆ. ಜೋತಾಡುತ್ತಿದ್ದ ಅದರ ಸುರುಳಿಯನ್ನೂ ಅದೇ ಬಟ್ಟೆಯೊಳಗೆ ತುರುಕಿ, ತುದಿ ಮಾತ್ರ ಹೊರಗೆ ಬಿಟ್ಟೆ. ಆಮೇಲೆ ಕಂಪ್ಯೂಟರ್ ಕಡೆ ಹೋಗಿ, ಹೊಸ ತಂತಿ ಸಡಿಲವಾಗಿದ್ದರೆ ಚೆನ್ನಾಗಿರುವುದಿಲ್ಲ ಎಂದು ಒಂದಿಷ್ಟು ಹಿಂದಕ್ಕೆ ಎಳೆದು ಬಿಗಿ ಮಾಡಿದೆ. ಮತ್ತೆ ಟಿವಿಯ ಹಿಂದೆ ಕೈ ಹಾಕಿ, ಬಟ್ಟೆಯಿಂದ ಇಣುಕುತ್ತಿದ್ದ ಬಾಯನ್ನು ಹಿಡಿದು ಟಿವಿಯ ತೂತಿಗೆ ಒತ್ತಿದೆ. ಕಡೆಗೆ ಕೊಳವೆಯ ಎರಡೂ ತುದಿಗೆ ಬಿಗಿಯಾದ ಕೈಹೊಲಿಗೆ, ಮೂರು ಸಾಲು!

ಹೆಂಡತಿ ಬಂದು ನೋಡಿ, ಜೋಡಿಸಿ ನೋಡೋ ಮೊದಲೇ ಹೊಲಿದುಬಿಟ್ಟಿರಾ ಎಂದು ಕೇಳಿದಳು. ಹೊಲಿಗೆಯ ವಿಷಯ ನನಗೆ ಬಿಡು ಅಂದೆ.

ಭಾನುವಾರ ಹತ್ತು ಗಂಟೆ. ಕಂಪ್ಯೂಟರ್ ಹಾಕಿದೆ, ಟಿವಿ ಹಾಕಿದೆ, ಅತ್ತೆಯನ್ನು ಮುಂದೆ ಕೂರಿಸಿದೆ. ಟಿವಿಯ ನೀಲಿ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಬಿಳಿ ಅಕ್ಷರ ಬಂತು. ಅದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉಯ್ಯಾಲೆ ಆಡತೊಡಗಿತು. ಅತ್ತೆ ತುಂಬಾ ಹೊತ್ತು ನೋಡಿ, "ಪುಟ್ಟಿ ಇಷ್ಟು ಸಣ್ಣಗಾಗಿದ್ದಾಳಾ?" ಎಂದರು.

ಕಂಪ್ಯೂಟರನ್ನು ಕೇಳಿದೆ. ಬೇರೆ ಪರದೆ ಯಾವುದೂ ಪತ್ತೆಯಾಗಿಲ್ಲ ಎಂದಿತು. 'ಪತ್ತೆ ಮಾಡು' ಎಂಬ ಗುಂಡಿ ಇತ್ತು, ಒತ್ತಿದೆ. ಕಂಪ್ಯೂಟರ್ ಯೋಚಿಸಿ, ಇಲ್ಲ ಎಂದಿತು. ನಲವತ್ತು ಸಲ ಒತ್ತಿದೆ, ನಲವತ್ತು ಸಲವೂ ಇಲ್ಲ. ಹತ್ತಡಿ ದೂರದಲ್ಲಿ, ಬೀರುವಿನಷ್ಟು ದೊಡ್ಡ ಟಿವಿ ಕಣ್ಣೆದುರಿಗೇ ಕೂತಿದೆ. ಇದಕ್ಕೆ ಪತ್ತೆಯೇ ಇಲ್ಲ! ದೃಷ್ಟಿ ಕಡಿಮೆ ಇದ್ದ ನಮ್ಮ ಅತ್ತೆಗೂ ಕಾಣುವ ಟಿವಿ ಈ ಯಂತ್ರಕ್ಕೆ ಕಾಣದೆಂದರೆ ಏನು ಹೇಳುವುದು?

ಟಿವಿಯ ರಿಮೋಟ್ ಹಿಡಿದೆ. ಒಂದನೇ ತೂತು, ಎರಡನೇ ತೂತು, ಮೂರನೇ ತೂತು, ಎಲ್ಲ ಬದಲಾಯಿಸಿದೆ. ಮಧ್ಯೆ ಯಾವ ಗುಂಡಿ ಒತ್ತಿದೆನೋ, ಟಿವಿ ತನ್ನ ಭಾಷೆಯನ್ನೇ ಬದಲಾಯಿಸಿಕೊಂಡಿತು. ಕೊಕ್ಕೆ, ಚುಕ್ಕೆ, ಅಲೆ, ಯಾವ ದೇಶದ್ದೋ. 'ಸಿಗ್ನಲ್ ಇಲ್ಲ' ಎಂದು ನಾನು ಓದಬಹುದಾದ ಭಾಷೆಯಲ್ಲಿ ಬೈಯುತ್ತಿದ್ದದ್ದು ಈಗ ಅರ್ಥವಾಗದ ಭಾಷೆಯಲ್ಲಿ ಬೈಯತೊಡಗಿತು. ಒಂದು ರೀತಿಯಲ್ಲಿ ಸಮಾಧಾನವೇ ಆಯಿತು.

ಕಂಪ್ಯೂಟರಿನ ಕಡೆ ಬಂದು, ಎರಡು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಏನೇನೋ ಆಗುತ್ತದೆ ಎಂದು ಕೇಳಿದ್ದೆನಲ್ಲ, ಒತ್ತಿದೆ. ಆಯಿತು. ಪರದೆ ತಲೆಕೆಳಗಾಯಿತು! ಬಾಣ ಮೇಲಕ್ಕೆ ಓಡಿಸಿದರೆ ಕೆಳಕ್ಕೆ ಓಡುತ್ತದೆ, ಎಡಕ್ಕೆ ಅಂದರೆ ಬಲಕ್ಕೆ. ಕುತ್ತಿಗೆ ತಿರುಗಿಸಿ ಸ್ವಲ್ಪ ಹೊತ್ತು ಕೆಲಸ ಮಾಡಿದೆ. ಆಮೇಲೆ ದರ್ಜಿಯ ಬುದ್ಧಿ ಓಡಿತು. ಬಟ್ಟೆ ತಿರುಗಾಮುರುಗಾ ಆದರೆ ಬಟ್ಟೆಯನ್ನು ತಿರುಗಿಸುತ್ತೇವೆಯೇ ಹೊರತು ನಾವು ತಿರುಗುತ್ತೇವೆಯೇ? ಮಾನಿಟರನ್ನೇ ಎತ್ತಿ ತಲೆಕೆಳಗೆ ಮಾಡಿ, ಎರಡು ಕಡೆ ಬಟ್ಟೆಯ ಗಂಟು ಒತ್ತುಕೊಟ್ಟು ನಿಲ್ಲಿಸಿದೆ. ಅಕ್ಷರ ನೆಟ್ಟಗಾಯಿತು.

ಅದೇ ಹೊತ್ತಿಗೆ ಹೆಂಡತಿ ಒಳಗಿನಿಂದ ಬಂದಳು. ಮಾನಿಟರನ್ನು ನೋಡಿದಳು. ನನ್ನನ್ನು ನೋಡಿದಳು. ತಮ್ಮನಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಳು.

ಬಾಮೈದ ಒಳ್ಳೆಯವನು, ನಗುವಾಗ ಫೋನನ್ನು ದೂರ ಹಿಡಿದುಕೊಳ್ಳುತ್ತಾನೆ. ಯಾವ ಕೀ ಒತ್ತಬೇಕೆಂದು ಹೇಳಿದ. ಒತ್ತಿದ ಕೂಡಲೇ ಪರದೆ ನೆಟ್ಟಗಾಯಿತು. ಅಂದರೆ ತಲೆಕೆಳಗಾಗಿ ನಿಲ್ಲಿಸಿದ್ದ ಮಾನಿಟರಿನಲ್ಲಿ ಮತ್ತೆ ತಲೆಕೆಳಗಾಯಿತು. ಮಾನಿಟರನ್ನು ಇಳಿಸಿ ಮಾಮೂಲಿನಂತೆ ಕೂರಿಸಿದೆ. ಟಿವಿಯ ಭಾಷೆಯನ್ನೂ ಹೇಗೋ ವಾಪಸು ತರಿಸಿದ. ಹೀಗೆ ಮೂರು ಗಂಟೆ ಹೆಣಗಿ, ನಾನು ಬೆಳಗ್ಗೆ ಹತ್ತಕ್ಕೆ ಎಲ್ಲಿದ್ದೆನೋ ಸರಿಯಾಗಿ ಅಲ್ಲಿಗೆ ಬಂದು ನಿಂತೆ. ಟಿವಿಯಲ್ಲಿ ಮತ್ತೆ ನನ್ನ ಹಳೆಯ ಗೆಳೆಯ: 'ಸಿಗ್ನಲ್ ಇಲ್ಲ'.

ಕಡೆಗೆ ಅವನು ಕೇಳಿದ, "ಭಾವ, ಕಂಪ್ಯೂಟರಿಗೆ ಹಾಕಿರೋ ಕೇಬಲ್ಲೇ ಟಿವಿಗೂ ಹೋಗಿದೆ ತಾನೆ?"

ಇಂಥ ಮಾತಿಗೆ ಸಿಟ್ಟು ಬರದೆ ಇರುತ್ತದೆಯೇ? ಈ ತುದಿ ಗಟ್ಟಿಯಾಗಿದೆ, ಆ ತುದಿ ಗಟ್ಟಿಯಾಗಿದೆ, ನಡುವೆ ನಾನೇ ಕೈಯಾರೆ ತೂರಿಸಿದ್ದೇನೆ ಅಂದೆ. ಒಂದು ಸಲ ಬಟ್ಟೆ ಬಿಚ್ಚಿ ನೋಡಿ ಅಂದ. ಸಿಗ್ನಲ್ ಸರಿಯಿಲ್ಲ, ನಿನ್ನ ಮಾತು ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟೆ.

ಹೆಂಡತಿಗೆ ಎಲ್ಲ ಕೇಳಿಸಿತ್ತು. ಅವಳು ನನ್ನ ಅಂಗಡಿಯಲ್ಲೇ ಗುಂಡಿಗಳಿಗೆ ಕಾಜಾ ಮಾಡುವವಳು, ತಪ್ಪಿದ ಹೊಲಿಗೆ ಬಿಚ್ಚುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೆಳಗ್ಗೆಯಿಂದಲೂ ಅವಳ ಕೈಯಲ್ಲಿ ಬ್ಲೇಡು ಇದ್ದದ್ದನ್ನು ನಾನು ನೋಡಿಯೂ ನೋಡದವನಂತೆ ಇದ್ದೆ.

"ಬಿಚ್ಚಲಾ?" ಎಂದಳು.

"ಮೂರು ಸಾಲು ಹಾಕಿದೀನಿ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈಹೊಲಿಗೆ ಯಾರಾದ್ರೂ ವಾಪಸು ತಂದಿದ್ದಾರಾ?"

"ಹೊಲಿಗೆ ತಪ್ಪು ಅಂದೆನಾ? ಬಿಚ್ಚಲಾ ಅಂದೆ."

"ತಪ್ಪು ಕಂಪ್ಯೂಟರಿಂದು."

ಅವಳು ಬ್ಲೇಡನ್ನು ಟಿವಿಯ ಮೇಲೆ, ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟು ಹೋದಳು.

ಆಮೇಲೆ ನಾನು ಮಾಡಿದ ಸಾಹಸಗಳನ್ನು ವಿವರಿಸುವುದಿಲ್ಲ. ಮೊದಲು ಟಿವಿ ಹಾಕಿ ಆಮೇಲೆ ಕಂಪ್ಯೂಟರ್ ಹಾಕಿದೆ. ಮೊದಲು ಕಂಪ್ಯೂಟರ್ ಹಾಕಿ ಆಮೇಲೆ ಟಿವಿ ಹಾಕಿದೆ. ಇಬ್ಬರಿಗೂ ಅನ್ಯಾಯವಾಗದಿರಲಿ ಎಂದು ಎರಡೂ ಕೈ ಚಾಚಿ ಒಟ್ಟಿಗೇ ಹಾಕಲು ನೋಡಿದೆ, ಕೈ ಸಾಲಲಿಲ್ಲ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹೊಲಿಗೆ ಮೆಷಿನ್ನಿನ ಬ್ರಷ್ಷಿನಿಂದ ಧೂಳು ಗುಡಿಸಿದೆ. ಎಣ್ಣೆ ಬಿಡೋಣವೇ ಎಂದು ಎಣ್ಣೆಡಬ್ಬಿಯನ್ನು ಎತ್ತಿಯೂ ಇದ್ದೆ. ಒಳಗಿನಿಂದ ಹೆಂಡತಿಯ ಕೆಮ್ಮು ಕೇಳಿಸಿತು, ಕೆಳಗಿಟ್ಟೆ.

ಮೂರೂವರೆ ಆಯಿತು. ಅತ್ತೆ ತಮ್ಮ ಕೋಣೆಯಿಂದ ಬಂದರು. ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಸೀರೆ ತೆಗೆದು ಉಟ್ಟುಕೊಂಡಿದ್ದರು. ತಲೆ ಬಾಚಿ, ಹಿಂದೆ ತುರುಬು ಕಟ್ಟಿ, ಮುಖಕ್ಕೆ ಪೌಡರ್ ಕೂಡ ಹಾಕಿದ್ದರು, ಒಂದು ಕೆನ್ನೆಗೆ ಜಾಸ್ತಿಯಾಗಿತ್ತು. ನಾನು ಕಂಪ್ಯೂಟರಿನ ಭಾಗಗಳ ನಡುವೆ ನೆಲದ ಮೇಲೆ ಕೂತಿದ್ದೆ. ಅವರಿಗೆ ಕಾಣಿಸಲಿಲ್ಲ, ಆದರೆ ನನ್ನ ಉಸಿರು ಕೇಳಿಸಿರಬೇಕು.

"ಅಳಿಯಂದ್ರೆ, ಆಗದಿದ್ರೆ ಬಿಡಿ. ದನಿ ದಿನಾ ಕೇಳ್ತೀನಲ್ಲ, ಅಷ್ಟು ಸಾಕು. ಮುಖ ಹೇಗಿತ್ತು ಅನ್ನೋದು ನನಗೆ ನೆನಪಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪೌಡರ್ ಹಾಕಿಕೊಂಡು ಬಂದು ಸಾಕು ಅಂದರೆ ಯಾವ ಅಳಿಯ ತಡೆದುಕೊಳ್ಳುತ್ತಾನೆ? ಕಂಪ್ಯೂಟರಿನ ಹೊಟ್ಟೆ ಮುಚ್ಚಿ ಎದ್ದು ನಿಂತೆ. ಕೈ ಹಿಡಿದುಕೊಳ್ಳಲೇ ಎಂದು ಕೇಳಿದೆ. ಬೇಡ, ಗೋಡೆ ಹಿಡಿದು ಬರ್ತೀನಿ ಎಂದರು. ದಿನವೂ ಅವರು ಕುರ್ಚಿಗೆ ಬರುವುದು ಹಾಗೆಯೇ, ಗೋಡೆಯ ಮೇಲೆ ಕೈ ಆಡಿಸುತ್ತ. ಅವತ್ತು ಆ ಗೋಡೆಯ ಮೇಲೆ ನನ್ನ ಹಸಿರು ಕೊಳವೆ ಇತ್ತು. ಅವರ ಬೆರಳು ಅದರ ಮೇಲೆ ಹರಿಯುತ್ತ ಬಂತು.

"ಹೊಲಿಗೆ ಎಷ್ಟು ಸಮ ಬಂದಿದೆ" ಎಂದು ಮೆಚ್ಚಿಕೊಂಡರು. ಐದಾರು ಹೆಜ್ಜೆ ನಡೆದರು. ಟಿವಿ ಇನ್ನೊಂದು ಮಾರು ಇರುವಾಗ ನಿಂತರು. ಎರಡು ಬೆರಳಿನಲ್ಲಿ ಬಟ್ಟೆಯನ್ನು ಹಿಸುಕಿದರು, ಹಿಂದೆ ಹೋಗಿ ಹಿಸುಕಿದರು, ಮುಂದೆ ಬಂದು ಹಿಸುಕಿದರು.

"ಅಳಿಯಂದ್ರೆ, ಆ ಕಡೆಯಿಂದ ಬಂದ ಲಾಡಿ ಇಲ್ಲಿಗೇ ನಿಂತುಬಿಟ್ಟಿದೆಯಲ್ಲ. ಟಿವಿ ಕಡೆಯಿಂದ ಬಂದದ್ದು ಇನ್ನೊಂದು, ಇಲ್ಲಿ ಮಡಚಿಕೊಂಡು ವಾಪಸು ಹೋಗಿದೆ. ಲಾಡಿ ಒಳಗೆ ಹೋಗಿದೆ ಕಣ್ರೀ."

ಲಾಡಿ ಒಳಗೆ ಹೋಗಿದೆ!

ಓದುಗರೇ, ಪೈಜಾಮ ಹಾಕುವ ಯಾರಿಗಾದರೂ ಈ ದುರಂತ ಗೊತ್ತು. ಒಂದು ತುದಿ ಜೋರಾಗಿ ಎಳೆದರೆ ಇನ್ನೊಂದು ತುದಿ ಒಳಗೆ ಓಡಿಹೋಗುತ್ತದೆ. ಎಳೆಯಬೇಡಿ, ತುದಿಗೆ ಗಂಟು ಹಾಕಿಕೊಳ್ಳಿ ಎಂದು ಗಿರಾಕಿಗಳಿಗೆ ಇಪ್ಪತ್ತೆಂಟು ವರ್ಷದಿಂದ ಉಪದೇಶ ಮಾಡುತ್ತಿರುವವನು ನಾನು. ಶನಿವಾರ ಬಿಗಿ ಮಾಡಲು ಎಳೆದಾಗ ಹೊಸ ತಂತಿಯ ತುದಿ ಬಟ್ಟೆಯೊಳಗೆ ಸರಿದುಹೋಗಿತ್ತು. ಟಿವಿಗೆ ನಾನು ಒತ್ತಿದ್ದು ಹಳೆಯ ಪ್ಲೇಯರಿನ ತಂತಿಯನ್ನು. ಪಾಪ, ಟಿವಿ ಬೆಳಗ್ಗೆಯಿಂದ ನಿಜವನ್ನೇ ಹೇಳುತ್ತಿತ್ತು. ಅದು ಮಾತಾಡಿಸುತ್ತಿದ್ದದ್ದು ಸತ್ತು ಐದು ವರ್ಷವಾದ ಒಬ್ಬನನ್ನು. ಅವನಿಂದ ಸಿಗ್ನಲ್ ಎಲ್ಲಿಂದ ಬರಬೇಕು?

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಟಿವಿಯ ಮೇಲಿನ ಬ್ಲೇಡನ್ನು ನಾನೇ ತೆಗೆದುಕೊಂಡು, ಎರಡೂ ಕೈಯಿಂದ ಅವಳಿಗೆ ಒಪ್ಪಿಸಿದೆ. ಮೂರು ಸಾಲನ್ನು ಅವಳು ಮೂರು ಉಸಿರಿನಲ್ಲಿ ಬಿಚ್ಚಿದಳು. ಒಳಗೆ ಕೈ ಹಾಕಿ ತಂತಿಯ ತುದಿಯನ್ನು ಎಳೆದು ಟಿವಿಗೆ ಹಾಕಿದಳು.

ಕಂಪ್ಯೂಟರ್ ಹಾಕಿದೆ. ಟಿವಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಕುತ್ತಿಗೆ ನಮೂನೆಗಳ ಚಿತ್ರ ಗೋಡೆ ತುಂಬ ಬಂದು ನಿಂತಿತು. ನಾಲ್ಕಕ್ಕೆ ಮೂರು ನಿಮಿಷ ಇತ್ತು.

ಸರಿಯಾಗಿ ನಾಲ್ಕಕ್ಕೆ ಕಂಪ್ಯೂಟರ್ ಗಂಟೆ ಬಾರಿಸಿತು, ಮುಂದಿನ ಕ್ಷಣ ಚಿಕ್ಕತ್ತೆ ಬಂದರು. ಬಾಗಿಲಷ್ಟಲ್ಲ, ಬಾಗಿಲಿಗಿಂತ ಅಗಲ! ಹಣೆಯ ಗೆರೆ, ಬಿಳಿ ಕೂದಲು, ನಗುವಾಗ ಕಾಣುವ ಓರೆ ಹಲ್ಲು. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಪರದೆಯ ಹತ್ತಿರ ಹೋದರು. ಕೈ ಚಾಚಿ ಟಿವಿಯ ಗಾಜನ್ನು, ತಂಗಿಯ ಕೆನ್ನೆ ಇದ್ದ ಕಡೆ, ಒಮ್ಮೆ ಮುಟ್ಟಿದರು.

"ಪುಟ್ಟಿ, ನಿನ್ನ ಕೂದಲೆಲ್ಲ ಎಲ್ಲಿಗೆ ಹೋಯ್ತೇ?"

ನಾನು ಕುತ್ತಿಗೆಯ ಟೇಪಿನ ತುದಿಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಆಗ ಟಿವಿಯಿಂದ ಚಿಕ್ಕತ್ತೆಯ ದನಿ ಬಂತು.

"ನನ್ನ ಕೂದಲು ಹಾಗಿರಲಿ ಅಕ್ಕ. ನನಗೆ ನಿನ್ನ ತುರುಬೊಂದೇ ಕಾಣ್ತಿದೆ. ಯಾಕೆ ನನಗೆ ಬೆನ್ನು ಮಾಡಿ ಕೂತಿದ್ದೀಯ, ಸಿಟ್ಟಾ?"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಚಿತ್ರ ಟಿವಿಯಲ್ಲಿ; ಚಿತ್ರ ಹಿಡಿಯುವ ಕ್ಯಾಮೆರಾ ಎದುರು ಗೋಡೆಯ ಕಂಪ್ಯೂಟರಿನ ಮೇಲೆ! ಅತ್ತೆ ತಂಗಿಯನ್ನು ನೋಡಿದರೆ ಕ್ಯಾಮೆರಾಕ್ಕೆ ಬೆನ್ನು. ಕ್ಯಾಮೆರಾ ನೋಡಿದರೆ ತಂಗಿ ಮತ್ತೆ ಅಂಗಿ ಗುಂಡಿ. ಕ್ಯಾಮೆರಾದ ತಂತಿ ಎಳೆದು ನೋಡಿದೆ, ಒಂದು ಮೊಳ. ಹದಿನೈದು ಮೀಟರ್ ತಂದವನು ಇದನ್ನು ಅಳೆಯಲೇ ಇರಲಿಲ್ಲ.

ಯೋಚಿಸಿದ್ದು ಹೆಂಡತಿ. ಮುಂದಿನ ಅಂಗಡಿಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡುವ, ಗಿಡ್ಡ ಕಾಲುಗಳ ಆಳೆತ್ತರದ ಕನ್ನಡಿ ಇದೆ. ಅದನ್ನು ಇಬ್ಬರೂ ಹೊತ್ತು ತಂದೆವು. ಟಿವಿಯ ಪಕ್ಕಕ್ಕೆ ನಿಲ್ಲಿಸಿ, ಆಚೆ ಈಚೆ ವಾಲಿಸಿ ನೋಡಿದರೆ, ಅತ್ತೆಯ ಮುಖ ಕನ್ನಡಿಗೆ, ಕನ್ನಡಿಯಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಎರಡು ದಿನದ ದಾರಿ ದಾಟಿ ಚಿಕ್ಕತ್ತೆಗೆ. ಒಂದೇ ತೊಂದರೆ, ಆ ಓರೆಯಲ್ಲಿ ಕನ್ನಡಿ ತಾನಾಗಿ ನಿಲ್ಲುವುದಿಲ್ಲ. ಹಿಂದೆ ಯಾರಾದರೂ ಹಿಡಿದು ನಿಲ್ಲಬೇಕು.

ಯಾರು ನಿಂತರೆಂದು ಕೇಳಬೇಡಿ.

ಕನ್ನಡಿಯ ಬೆನ್ನಿಗೆ ಮೂಗು ತಾಗಿಸಿಕೊಂಡು, ತೋಳು ಚಾಚಿ, ಒಂದು ಗಂಟೆ ನಿಂತೆ. ನನಗೆ ತಂಗಿಯೂ ಕಾಣಲಿಲ್ಲ, ಅಕ್ಕನೂ ಕಾಣಲಿಲ್ಲ. ಕೇಳಿಸಿತು ಅಷ್ಟೇ. ಅಕ್ಕ ಅಂದು ಹಾಕುತ್ತಿದ್ದ ಜಡೆ ಎಷ್ಟು ಬಿಗಿಯೆಂದರೆ ಹುಬ್ಬೇ ಮೇಲೆ ಹೋಗುತ್ತಿತ್ತು ಅಂತ ಒಬ್ಬರು, ಬಾವಿಗೆ ಬಿಂದಿಗೆ ಬೀಳಿಸಿದ್ದು ನಾನಲ್ಲ ನೀನೇ ಅಂತ ಇನ್ನೊಬ್ಬರು. ಹನ್ನೊಂದು ವರ್ಷದಿಂದ ಫೋನಿನಲ್ಲಿ ಆಡಿದ ಅದೇ ಮಾತು, ಅದೇ ಜಗಳ; ಮುಖ ಕಾಣುವಾಗ ಅದಕ್ಕೆ ಬೇರೆಯೇ ರುಚಿ ಬಂದಿತ್ತು. ತೋಳು ಸೋತಿತ್ತು. ಆದರೂ ಗಡಿಯಾರದ ಮುಳ್ಳು ಇನ್ನೂ ಸ್ವಲ್ಪ ನಿಧಾನಕ್ಕೆ ಹೋಗಲಿ ಅನ್ನಿಸುತ್ತಿತ್ತು.

ಐದಕ್ಕೆ ಸ್ವಲ್ಪ ಮೊದಲು ಚಿಕ್ಕತ್ತೆ ಕೇಳಿದರು, "ಅಕ್ಕ, ಕನ್ನಡಿ ಕೆಳಗೆ ಎರಡು ಪಾದ ಕಾಣ್ತಿವೆ. ಯಾರದ್ದು?"

"ನಮ್ಮ ಅಳಿಯಂದ್ರದ್ದು" ಎಂದರು ಅತ್ತೆ. "ಇದೆಲ್ಲ ಜೋಡಿಸಿದ್ದು ಅವರೇ. ಅವರಂಥ ಕೈ ಎಲ್ಲೂ ಇಲ್ಲ ಪುಟ್ಟಿ. ಬೆಳಗ್ಗೆಯಿಂದ ನೀರೂ ಕುಡಿದಿಲ್ಲ, ನನಗೋಸ್ಕರ."

ಕನ್ನಡಿಯ ಹಿಂದೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ಎರಡು ಇಂಚು ಉಬ್ಬಿತು, ದರ್ಜಿಯ ಅಳತೆ, ಸುಳ್ಳಲ್ಲ. ಆ ಕಡೆಯಿಂದ ಚಿಕ್ಕತ್ತೆ ಗಾಬರಿಯಿಂದ, ಅಕ್ಕ ಎಲ್ಲಿ ಹೋದೆ, ಬರೀ ಫ್ಯಾನು ಕಾಣ್ತಿದೆಯಲ್ಲ ಎನ್ನುವುದು ಕೇಳಿಸಿತು.

ಹೆಂಡತಿ ಕನ್ನಡಿಯನ್ನು ಒತ್ತಿ ಮೊದಲಿನ ಓರೆಗೆ ತಂದು ಹೇಳಿದಳು:

"ಅವರನ್ನ ಹೊಗಳಬೇಡಮ್ಮ. ಕನ್ನಡಿ ಅಲ್ಲಾಡುತ್ತೆ."